ಹೊಸ ಸಮುದ್ರದ ಮೀನು ಬಂದಾಗ: ಕ್ವಾರಂಟೈನ್, ಕಾಪರ್, ಫ್ಲೂಕ್ ಬಗ್ಗೆ ಉತ್ತರ

ಅಣ್ಣಾ, ಮುಂದಿನ ವಾರ ಹೈದರಾಬಾದಿನಿಂದ ಯಾದಗಿರಿಗೆ ಎರಡು ಕ್ಲೌನ್, ಒಂದು ಬ್ಲೂ ಟ್ಯಾಂಗ್ ಬರ್ತಾವ ಅಂದೀರಿ. ಅಂಗಡಿಯವರು "ನಮ್ಮಲ್ಲೇ ಕ್ವಾರಂಟೈನ್ ಆಗ್ಯದ, ಸೀದಾ ಬಿಡ್ರಿ" ಅಂದಾರ. ಕ್ವಾರಂಟೈನ್ ಅಂದ್ರ ಹೊಸ ಮೀನು ಸ್ವಲ್ಪ ದಿನ ಬ್ಯಾರೆ ಟ್ಯಾಂಕಿನ್ಯಾಗ ಇಟ್ಟು ರೋಗ ನೋಡೋದು. ಅನುಮಾನ ಇದ್ರ ಮೇನ್ ಟ್ಯಾಂಕಿಗೇ ಅರ್ಧ ಡೋಸ್ ಕಾಪರ್ (ತಾಮ್ರದ ಔಷಧ) ಹಾಕಿದ್ರ ನಡೀತದೇನು ಅಂತ ಕೇಳೀರಿ. ಎರಡೂ ಬ್ಯಾಡ್ರಿ.

ಮೇನ್ ಟ್ಯಾಂಕಿನ ಲೈವ್ ರಾಕ್ (ಸಣ್ಣ ಜೀವಿ ಮನಿ ಮಾಡಿದ ಸಮುದ್ರದ ಕಲ್ಲು), ಮರಳು ಎರಡೂ ಸುಣ್ಣದ ಜಾತಿ. ಹಾಕಿದ ತಾಮ್ರ ಹೀರ್ಕೊಂಡು ಕೂಡ್ತಾವ, ಮುಂದ ಯಾವಾಗೋ ಸ್ವಲ್ಪ ಸ್ವಲ್ಪ ಬಿಡ್ತಾವ. ನೀರಾಗ ಎಷ್ಟು ಉಳೀತು ಅಂತ ಲೆಕ್ಕ ಸಿಗಂಗಿಲ್ಲ. ನಿಮ್ಮ ಝೋವಾ ಹವಳ, ಸೀಗಡಿ, ಬಸವನಹುಳು ಅರ್ಧ ಡೋಸಿಗೇ ಸಾಯ್ತಾವ, ಪರೋಪಜೀವಿ ಮಾತ್ರ ಉಳೀತದ. ಇನ್ನ ಅಂಗಡಿ ಮಾತು: ಭಾಳ ಕಡೆ ಮಾರೋ ಟ್ಯಾಂಕಿನ್ಯಾಗ ಸದಾ ಕಡಿಮೆ ಮಟ್ಟದ ಕಾಪರ್ ಇಟ್ಟಿರ್ತಾರ. ಅದರಿಂದ ರೋಗ ವಾಸಿ ಆಗಂಗಿಲ್ಲ, ಅಡಗಿ ಕೂಡ್ತದ. ನಿಮ್ಮ ಮನಿಯ ಶುದ್ಧ ನೀರಿಗೆ ಬಂದು ವಾರ ಹತ್ತು ದಿನಕ್ಕ ಚುಕ್ಕಿ ಎದ್ದಾಗ, ನಿಮ್ಮ ಟ್ಯಾಂಕೇ ಸರಿ ಇಲ್ಲ ಅನ್ನಿಸ್ತದ.

ಕ್ವಾರಂಟೈನಿಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಸಾದಾ ಗಾಜಿನ ಟ್ಯಾಂಕ್ ಸಾಕು. ಸ್ವಲ್ಪ ಕೆಳಗೇ ತುಂಬಿದ್ರ 45 ಲೀಟರ್ ಹಿಡೀತದ. ಕೆಳಗಿನ ಲೆಕ್ಕ ಎಲ್ಲಾ ಈ 45 ಲೀಟರಿಗೆ. ಮರಳು ಬ್ಯಾಡ, ಕಲ್ಲು ಬ್ಯಾಡ. ಚಂದ ಕಾಣ್ತದ ಅಂತ ಶಹಾಬಾದ್ ಕಲ್ಲಿನ ತುಂಡು ಇಡೋರು ಇದ್ದಾರ, ಅದೂ ಸುಣ್ಣದ ಕಲ್ಲೇ, ಕಾಪರ್ ತಿಂತದ. ಮೀನು ಅಡಗಲಿಕ್ಕೆ ಹಾರ್ಡ್‌ವೇರ್ ಅಂಗಡಿಯ 2 ಇಂಚಿನ ಪಿವಿಸಿ ಎಲ್ಬೋ ಮೂರು ನಾಲ್ಕು ಹಾಕ್ರಿ. ಸ್ಪಂಜ್ ಫಿಲ್ಟರ್ ಒಂದು, ಅದರ ಜೋಡಿ ಬ್ಯಾರೆ ಏರ್ ಸ್ಟೋನ್ ಒಂದು, ಥರ್ಮಾಮೀಟರ್, ಮುಚ್ಚಳ. ಕಾರ್ಬನ್ ಹಾಕಬ್ಯಾಡ್ರಿ, ಔಷಧ ಎಲ್ಲಾ ಅದೇ ಎಳ್ಕೊಂಡು ಬಿಡ್ತದ. ಸ್ಪಂಜಿನ್ಯಾಗ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಕೂಡಲಿಕ್ಕೆ ಮೂರು ನಾಲ್ಕು ವಾರ ಬೇಕು. ಮೀನು ಬರೋದು ಒಂದೇ ವಾರದಾಗ ಅಂದ್ರ ಬಾಟಲಿ ಬ್ಯಾಕ್ಟೀರಿಯಾ ಹಾಕ್ರಿ, ಅಮೋನಿಯಾ ದಿನಾ ಅಳೀರಿ. ನನ್ನ ಕೇಳಿದ್ರ ಅಂಗಡಿಯವರಿಗೆ ಮುಂಗಡ ಕೊಟ್ಟು, ಮೂರು ವಾರ ತಡೆದು ತರಿಸೋದೇ ಪಾಡು.

45 ಲೀಟರಿಗೆ ಸಾಲ್ಟ್ ಮಿಕ್ಸ್ ಹತ್ತಿರ ಹತ್ತಿರ 1.6 ಕಿಲೋ ಹೋಗ್ತದ. ನಮ್ಮ ಕಡಿ ಬೋರ್ ನೀರು ಗಡಸು, ಆರ್‌ಒ ನೀರೇ ಬೇಕು. ಒಂದು ಎಚ್ಚರ: ಈಗ ಮನಿಗೆ ಬರೋ ಕೆಲವು ಆರ್‌ಒ ಯಂತ್ರದಾಗ ಕುಡಿಯೋ ನೀರಿಗೆ ತಾಮ್ರ ಸೇರಿಸೋ ಕಾರ್ಟ್ರಿಜ್ ಇರ್ತದ. ಅಂಥಾ ನೀರು ಮೇನ್ ಟ್ಯಾಂಕಿಗೆ ಹಾಕಲೇಬ್ಯಾಡ್ರಿ. ಮೆಂಬ್ರೇನ್ ಆದ ಮ್ಯಾಲ, ಆ ಕಾರ್ಟ್ರಿಜ್ಜಿಗೆ ಹೋಗೋಕಿಂತ ಮೊದಲೇ ಪೈಪ್ ತಕ್ಕೋರಿ.

ಟ್ಯಾಂಕ್ ಇಡೋ ಜಾಗ ಮೇನ್ ಟ್ಯಾಂಕಿನಿಂದ 10 ಅಡಿಗಿಂತ ದೂರ ಇರ್ಲಿ, ಬ್ಯಾರೆ ಖೋಲಿ ಆದ್ರ ಇನ್ನೂ ಛಲೋ. ಗುಳ್ಳಿ ಒಡೆದು ಹಾರೋ ಸಣ್ಣ ಹನಿಯೊಳಗೇ ವೆಲ್ವೆಟ್ ಅನ್ನೋ ರೋಗ ದಾಟ್ತದ. ಬಲಿ, ಬಕೆಟ್, ಪೈಪ್ ಎಲ್ಲಾ ಬ್ಯಾರೆ ಬ್ಯಾರೆ. ದಿನಾ ಮೊದಲು ಮೇನ್ ಟ್ಯಾಂಕಿನ ಕೆಲಸ ಮುಗಿಸಿ, ಆಮ್ಯಾಲ ಇದಕ್ಕ ಕೈ ಹಾಕ್ರಿ.

ಮೀನು ಬಂದ ದಿನ. ತರಿಸೋ ಮೊದಲೇ ಅಂಗಡಿಯವರಿಗೆ ಅವರ ನೀರಿನ ಸಾಂದ್ರತೆ (ಉಪ್ಪಿನ ಮಟ್ಟ ತೋರಿಸೋ ಅಂಕಿ) ಕೇಳ್ರಿ. ಭಾಳ ಮಂದಿ ಉಪ್ಪು ಉಳಿಸಲಿಕ್ಕೆ 1.018ರಿಂದ 1.020ರ ತನಕ ಇಡ್ತಾರ. ನಿಮ್ಮ ಕ್ವಾರಂಟೈನ್ ನೀರೂ ಅಷ್ಟಕ್ಕೇ ತಯಾರ್ ಇರ್ಲಿ. ಚೀಲ 20 ನಿಮಿಷ ತೇಲಿಸಿ, ಬಾಯಿ ಬಿಚ್ಚಿ, ಮೀನು ಮಾತ್ರ ಎತ್ತಿ ಬಿಡ್ರಿ, ಚೀಲದ ನೀರು ಚೆಲ್ಲಿಬಿಡ್ರಿ. ಚೀಲದೊಳಗ ಹನಿ ಹನಿಯಾಗಿ ಟ್ಯಾಂಕ್ ನೀರು ಬಿಡ್ಕೋತ ತಾಸುಗಟ್ಟಲೆ ಡ್ರಿಪ್ ಹಾಕಿ ಕೂಡಬ್ಯಾಡ್ರಿ. ದಾರಿ ಉದ್ದಕ್ಕೂ ಚೀಲದಾಗ ಅಮೋನಿಯಾ ಸೇರಿರ್ತದ, ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರ್ತದ, ಅದಕ್ಕ ವಿಷ ಏರಿರಂಗಿಲ್ಲ. ಬಾಯಿ ಬಿಚ್ಚಿದ ಕೂಡ್ಲೇ ಆ ಅನಿಲ ಹಾರಿ ಪಿಎಚ್ ಏರ್ತದ, ಅದೇ ಅಮೋನಿಯಾ ಆಗ ಕಿವಿರು ಸುಡ್ತದ. ಆಮ್ಯಾಲ ದಿನಕ್ಕ 0.002ರಂತೆ ಸಾಂದ್ರತೆ ಏರಿಸ್ಕೋತ 1.025ಕ್ಕ ತರ್ರಿ. ಮೊದಲ ದಿನ ಲೈಟ್ ಬ್ಯಾಡ, ಊಟಾನೂ ಬ್ಯಾಡ.

ಈಗ ರೋಗ ಗುರುತಿಸೋದು. ಬಿಳಿ ಚುಕ್ಕಿ ಕಂಡಿದ್ದೆಲ್ಲಾ ಇಚ್ ಅಲ್ಲ. ಇಚ್ ಅಂದ್ರ ಕ್ರಿಪ್ಟೋಕ್ಯಾರಿಯಾನ್: ಉಪ್ಪಿನ ಹರಳಿನಷ್ಟು ಚುಕ್ಕಿ, ಎಣಿಸಲಿಕ್ಕೆ ಬರ್ತದ. ಮೂರರಿಂದ ಏಳು ದಿನ ಮೈಮ್ಯಾಲ ಇದ್ದು ಉದುರ್ತದ. ಮೀನು ಅರಾಮಾತು ಅಂತ ಜನ ಖುಷಿ ಪಡೋದು ಇಲ್ಲೇ. ಉದುರಿದ್ದು ಗಾಜಿಗೆ, ಪೈಪಿಗೆ ಅಂಟಿ, ಕೋಶ ಕಟ್ಟಿ, ಒಂದೊಂದರಿಂದ ನೂರಾರು ಮರಿ ಬಿಡ್ತದ. ವೆಲ್ವೆಟ್ ಬ್ಯಾರೆ: ಹಿಟ್ಟು ಉದುರಿಸಿದಂಗ ಸಣ್ಣ ಪುಡಿ, ಕತ್ತಲಾಗ ಪಕ್ಕದಿಂದ ಟಾರ್ಚ್ ಬಿಟ್ರ ಮಾತ್ರ ಕಾಣ್ತದ. ಅದು ಮೈಗಿಂತ ಮೊದಲು ಕಿವಿರಿಗೆ ಹತ್ತೋದರಿಂದ ಮೀನು ಜೋರಾಗಿ ಉಸಿರಾಡ್ತದ, ನೀರಿನ ಹರಿವಿಗೆ ಮುಖ ಕೊಟ್ಟು ನಿಲ್ತದ, ಬೆಳಕಿಗೆ ಹೆದರ್ತದ. ಎರಡು ಮೂರು ದಿನದಾಗ ಟ್ಯಾಂಕೇ ಖಾಲಿ ಆಗಬಹುದು. ಕ್ಲೌನಿಗೆ ಬರೋ ಬ್ರೂಕ್ಲಿನೆಲ್ಲಾದಾಗ ಮೈಮ್ಯಾಲಿನ ಲೋಳಿ ದಪ್ಪಾಗಿ ಪದರು ಪದರಾಗಿ ಬಿಚ್ಚತದ. ಮೈ ತಿಕ್ಕೋದು, ತಲಿ ಕೊಡವೋದು, ಕಣ್ಣು ಮಬ್ಬಾಗೋದು ಫ್ಲೂಕ್ ಅನ್ನೋ ಚಪ್ಪಟೆ ಹುಳದ ಲಕ್ಷಣ.

ಮೊದಲ ಎರಡಕ್ಕ, ಅಂದ್ರ ಇಚ್, ವೆಲ್ವೆಟ್‌ಗೆ ಮದ್ದು ಕಾಪರ್. ನೀರಾಗ ಈಜೋ ಮರಿಗೆ ಮಾತ್ರ ಅದು ತಾಗ್ತದ, ಮೀನಿನ ಚರ್ಮದೊಳಗಿದ್ದಾಗ ತಾಗಂಗಿಲ್ಲ, ಕೋಶದೊಳಗೂ ತಾಗಂಗಿಲ್ಲ. ಅದಕ್ಕೇ ಮಟ್ಟ ಒಂದು ದಿನಾನೂ ಇಳೀಬಾರದು. ಅವತ್ತು ಹೊರಗ ಬಂದ ಮರಿ ಮೀನು ಸೇರಿತು ಅಂದ್ರ ನಿಮ್ಮ ದಿನದ ಎಣಿಕೆ ಮತ್ತ ಒಂದರಿಂದ ಶುರು. ಚಿಲೇಟೆಡ್ ಕಾಪರ್ (ಬ್ಯಾರೆ ಪದಾರ್ಥಕ್ಕ ಕಟ್ಟಿಹಾಕಿದ ತಾಮ್ರ) ಆದ್ರ 2.0 ಪಿಪಿಎಂಗಿಂತ (ಲೀಟರಿಗೆ ಅಷ್ಟು ಮಿಲಿಗ್ರಾಂ) ಕೆಳಗ ಬ್ಯಾಡ, 2.5ರ ಮ್ಯಾಲ ಬ್ಯಾಡ, 2.25 ಗುರಿ ಇಟ್ಕೋರಿ. ಮೀನು ಉಣ್ಣಲಿಕ್ಕೆ ಶುರು ಮಾಡಿದ ಮ್ಯಾಲ ಮೊದಲ ದಿನ 0.75, ಎರಡನೇ ದಿನ 1.5, ಮೂರನೇ ದಿನ 2.25. ಊಟ ಬಿಟ್ರ ಅಲ್ಲೇ ಒಂದು ದಿನ ನಿಲ್ಲಿಸಿ, ತಿಂದ ಮ್ಯಾಲ ಮುಂದ ಹೋಗ್ರಿ. ವೆಲ್ವೆಟ್ ಅನುಮಾನ ಇದ್ರ ಮಾತ್ರ ಒಂದೇ ದಿನದಾಗ ಏರಿಸ್ರಿ, ಕಾಯೋ ಟೈಮ್ ಇರಂಗಿಲ್ಲ. ಕ್ಯುಪ್ರಮಿನ್ ಅನ್ನೋ ಇನ್ನೊಂದು ಥರದ ತಾಮ್ರದ ಔಷಧ ತಂದ್ರ ಅದರ ಅಳತಿ ಬ್ಯಾರೆ: 40 ಲೀಟರಿಗೆ 1 ಮಿಲಿ, 48 ತಾಸು ಬಿಟ್ಟು ಮತ್ತ 1 ಮಿಲಿ, ಒಟ್ಟು 0.5 ಪಿಪಿಎಂ. ಒಂದರ ಅಂಕಿ ಇನ್ನೊಂದಕ್ಕ ಹಚ್ಚಿದ್ರ ಮೀನು ಉಳಿಯಂಗಿಲ್ಲ.

ಗೊಬ್ಬರದ ಅಂಗಡಿಯ ಮೈಲುತುತ್ತದಿಂದ ಆಗ್ತದೇನು ಅಂತ ಕೆಲವರು ಕೇಳ್ತಾರ. ಅದೂ ತಾಮ್ರವೇ ಖರೆ. ಆದ್ರ ಅದರ ಮಟ್ಟ 0.15ರಿಂದ 0.20 ಪಿಪಿಎಂ ಒಳಗ ನಿಲ್ಲಬೇಕು, ಸಮುದ್ರದ ನೀರಿನ ಪಿಎಚ್‌ಗೆ ದಿನಾ ತಳಕ್ಕ ಕೂಡ್ತದ, 45 ಲೀಟರಿಗೆ ಬೇಕಾಗೋದು 35 ಮಿಲಿಗ್ರಾಂ. ಅಷ್ಟು ತೂಗೋ ತಕ್ಕಡಿ ಮನಿಯಾಗ ಯಾರ ಹತ್ರ ಅದ? ಬೆಳಿಗೆ ಹೊಡೆಯೋ ಮಾಲಿನ ಶುದ್ಧತೆ ಮ್ಯಾಲೂ ನಂಬಿಕಿ ಇಲ್ಲ. ಬ್ಯಾಡ.

ಅಳಿಯಲಿಕ್ಕೆ ಡಿಜಿಟಲ್ ಚೆಕ್ಕರ್ ಬೇಕು. ಹಾನಾ ಕಂಪನಿಯ ಎಚ್‌ಐ 702 ಸೊನ್ನೆಯಿಂದ 5 ಪಿಪಿಎಂ ತನಕ ತೋರಿಸ್ತದ. ಬಣ್ಣ ಹೋಲಿಸೋ ಕಿಟ್ಟಿನಾಗ 1.5 ಯಾವ್ದು, 2 ಯಾವ್ದು ಅಂತ ಕಣ್ಣಿಗೆ ತಿಳಿಯಂಗಿಲ್ಲ. ಚೆಕ್ಕರಿಗೆ ರೊಕ್ಕ ಹೋಗ್ತದ, ಖರೆ. ಒಂದು ಟ್ಯಾಂಗಿನ ಬೆಲಿ ಮುಂದಿಟ್ಟು ವಿಚಾರ ಮಾಡ್ರಿ, ಇಲ್ಲಾ ಮೂರು ಮಂದಿ ಕೂಡಿ ಒಂದು ತಕ್ಕೋರಿ.

ಮಟ್ಟ ತಪ್ಪೋದು ಹೆಚ್ಚಾಗಿ ಎರಡು ಕಡಿ. ಒಂದು, ನೀರು ಬದಲಿ. 2.25 ಇದ್ದ 45 ಲೀಟರಿನಾಗ 10 ಲೀಟರ್ ತೆಗೆದು ಬರೇ ಉಪ್ಪುನೀರು ಹಾಕಿದ್ರ 1.75ಕ್ಕ ಇಳೀತದ. ಅದಕ್ಕ ಹೊಸ ನೀರಿಗೆ ಬಕೆಟ್‌ನಾಗೇ 2.25 ಕಾಪರ್ ಕೂಡಿಸಿ, ಆಮ್ಯಾಲ ಹಾಕ್ರಿ. ಎರಡು, ನಮ್ಮ ಬ್ಯಾಸಗಿ. ಏಪ್ರಿಲ್, ಮೇದಾಗ ಹೊರಗ 42 ಡಿಗ್ರಿ ಇದ್ದಾಗ ಟ್ಯಾಂಕ್ ಮ್ಯಾಲ ಫ್ಯಾನ್ ಹಚ್ಚಲೇಬೇಕು. ನಮ್ಮ ಹವಾ ಒಣ ಇರೋದಕ್ಕ ಅದರಿಂದ ಎರಡು ಮೂರು ಡಿಗ್ರಿ ಇಳೀತದ, ಆದ್ರ ನೀರೂ ಹಾರ್ತದ. ಹಾರೋದು ನೀರು ಮಾತ್ರ, ಉಪ್ಪು, ತಾಮ್ರ ಎರಡೂ ಗಟ್ಟಿ ಆಗ್ತಾವ. ಗಾಜಿನ ಮ್ಯಾಲ ಗೆರಿ ಎಳೆದು, ಮುಂಜಾನಿ ಸಂಜಿ ಸಾದಾ ಆರ್‌ಒ ನೀರಿನಿಂದ ಗೆರಿಗೆ ತುಂಬಿಸ್ರಿ, ತುಂಬಿಸಿದ ಮ್ಯಾಲೇ ಅಳೀರಿ. ಉಷ್ಣತೆ 25ರಿಂದ 27ರೊಳಗ ಇರ್ಲಿ. ನೀರು ಕಾದಷ್ಟೂ ಆಮ್ಲಜನಕ ಕಡಿಮಿ, ಕರೆಂಟ್ ಹೋದ್ರ ಮೊದಲು ಸಾಯೋದು ಉಸಿರು ಕಟ್ಟಿ. ಯುಎಸ್‌ಬಿ ಏರ್ ಪಂಪ್, ಪವರ್ ಬ್ಯಾಂಕ್ ಪಕ್ಕಕ್ಕೇ ಇಟ್ಟಿರ್ರಿ.

ಅಮೋನಿಯಾ ಏರಿತು ಅಂತ ಪ್ರೈಮ್‌ನಂಥಾ, ಅಮೋನಿಯಾದ ವಿಷ ತಡೆಯೋ ದ್ರಾವಣ ಕಾಪರ್ ಇದ್ದ ನೀರಿಗೆ ಸುರಿಯಬ್ಯಾಡ್ರಿ, ತಾಮ್ರದ ರೂಪ ಬದಲಾಗಿ ವಿಷ ಹೆಚ್ಚಾಗ್ತದ. ನೀರು ಬದಲಿಸ್ರಿ. ಮೆಥಿಲೀನ್ ಬ್ಲೂ ಕೂಡ ಬ್ಯಾಡ, ಇಚ್‌ಗೆ ಅದು ಉಪಾಯ ಅಲ್ಲ, ಸ್ಪಂಜಿನ ಬ್ಯಾಕ್ಟೀರಿಯಾ ಮಾತ್ರ ಕೊಲ್ತದ.

ಎಷ್ಟು ದಿನ? ಪೂರಾ ಮಟ್ಟ ಮುಟ್ಟಿದ ದಿನದಿಂದ 14 ದಿನ ಎಣಿಸಿ, ಒಣಗಿಸಿದ ಬ್ಯಾರೆ ಟ್ಯಾಂಕಿಗೆ ದಾಟಿಸಿದ್ರ ಸಾಕು. ಎರಡನೇ ಟ್ಯಾಂಕ್ ಇಲ್ಲದಿದ್ರ ಅದರಾಗೇ 30 ದಿನ, ಯಾಕಂದ್ರ ಗಾಜಿಗೆ ಅಂಟಿದ ಕೋಶ ಎಲ್ಲಾ ಒಡೀಬೇಕಲ್ಲ. ಸಾಂದ್ರತೆ 1.009ಕ್ಕ ಇಳಿಸೋ ಪದ್ಧತಿ ಇಚ್‌ಗೆ ನಡೀತದ, ವೆಲ್ವೆಟ್‌ಗೆ ನಡಿಯಂಗಿಲ್ಲ. ಅಂಗಡಿ ಮೀನಿಗೆ ಯಾವ್ದು ಹತ್ಯದೋ ಗೊತ್ತಿಲ್ಲದಾಗ ನಾನು ಕಾಪರ್ ಅಂತೇ ಹೇಳ್ತೀನಿ.

ಕ್ಲೌನಿನ ಲೋಳಿ ಬಿಚ್ಚಲಿಕ್ಕೆ ಹತ್ತಿದ್ರ ಕಾಪರ್ ಕೆಲಸಕ್ಕ ಬರಂಗಿಲ್ಲ. 10 ಲೀಟರ್ ಉಪ್ಪುನೀರಿಗೆ 37 ಪ್ರತಿಶತದ ಫಾರ್ಮಲಿನ್ 1.5 ಮಿಲಿ, ಜೋರಾಗಿ ಗಾಳಿ, 30ರಿಂದ 45 ನಿಮಿಷ, ಮೀನು ವಾಲಿದ್ರ ತಕ್ಷಣ ಹೊರಗ. ಆಮ್ಯಾಲ ಹೊಸ ನೀರಿನ ಸ್ವಚ್ಛ ಟ್ಯಾಂಕಿಗೆ ಬಿಡ್ರಿ, ಹಳೇದಕ್ಕೇ ಬಿಟ್ರ ಮತ್ತ ಹತ್ತತದ. ಬಾಟಲಿ ತಳದಾಗ ಬಿಳಿ ಗಸಿ ಕೂತಿದ್ರ ಆ ಫಾರ್ಮಲಿನ್ ಉಪಯೋಗಿಸಬ್ಯಾಡ್ರಿ. ಕ್ಯಾನ್ಸರ್ ತರೋ ಪದಾರ್ಥ ಅದು: ಕೈಗವಸು ಹಾಕ್ರಿ, ಅಂಗಳದಾಗ ಮಾಡ್ರಿ, ಮಕ್ಕಳು ದೂರ.

ಫ್ಲೂಕಿಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. ನಿಮ್ಮ 45 ಲೀಟರಿಗೆ 112 ಮಿಲಿಗ್ರಾಂ, ಹತ್ತಿರ ಹತ್ತಿರ 600 ಮಿಲಿಗ್ರಾಂ ಗುಳಿಗಿ ಐದು ಪಾಲು ಮಾಡಿದ್ರ ಒಂದು ಪಾಲು. ನೀರಾಗ ಸುಲಭಕ್ಕ ಕರಗಂಗಿಲ್ಲ, ನುಣ್ಣಗ ಅರೆದು, ಬಾಟಲಿಯಾಗ ಕುಲುಕಿ ಹಾಕ್ರಿ. ಫ್ಲೂಕಿನ ಮೊಟ್ಟಿಗೆ ಇದು ತಾಗಂಗಿಲ್ಲ, ಅದಕ್ಕ 7 ದಿನ ಬಿಟ್ಟು ಎರಡನೇ ಡೋಸ್ ಬೇಕೇ ಬೇಕು. ಹಾಕಿದ ಮ್ಯಾಲ ಬ್ಯಾಕ್ಟೀರಿಯಾ ಹೆಚ್ಚಾಗಿ ನೀರು ಮಬ್ಬಾಗಬಹುದು, ಗಾಳಿ ಹೆಚ್ಚಿಸ್ರಿ. ಕಾಪರ್ ಮುಗಿದ ಮ್ಯಾಲ, ಎರಡನೇ ಟ್ಯಾಂಕಿನಾಗ ಕೊಡೋದು ನನಗ ಸರಿ ಅನ್ನಿಸ್ತದ. ಎರಡೂ ಕೂಡಿಸಿದಾಗ ಮೀನು ಊಟ ಬಿಟ್ರ ಯಾವ್ದರಿಂದ ಅಂತ ತಿಳಿಯಂಗಿಲ್ಲ. ಫ್ಲೂಕ್ ಇದ್ದಾವೋ ಇಲ್ಲೋ ನೋಡಲಿಕ್ಕೆ ಕಪ್ಪು ಬಕೆಟ್‌ನಾಗ ಸಿಹಿನೀರಿನ ಸ್ನಾನ, 5 ನಿಮಿಷ. ಅದೇ ಉಷ್ಣತೆ, ಅರ್ಧ ತಾಸು ಮೊದಲೇ ಗಾಳಿ, ಚಿಟಿಕಿ ಅಡಿಗಿ ಸೋಡಾದಿಂದ ಪಿಎಚ್ ಟ್ಯಾಂಕಿನಷ್ಟೇ. ಇದ್ರ ಬಿಳಿಯಾಗಿ ತಳಕ್ಕ ಬೀಳ್ತಾವ.

ಬ್ಲೂ ಟ್ಯಾಂಗ್ ಬೆಳೆದ್ರ ಒಂದು ಅಡಿ ಆಗ್ತದ, ನಿಮ್ಮ 3 ಅಡಿಯ ಮೇನ್ ಟ್ಯಾಂಕಿಗೆ ಅದು ಸಲ್ಲಂಗಿಲ್ಲ. ಮುಂಗಡ ಕೊಟ್ಟಿರದಿದ್ರ ಅದನ್ನ ಬಿಡ್ರಿ, ಕ್ಲೌನ್ ಎರಡೇ ತರ್ರಿ.

ಕಾಪರ್ ಕಂಡ ಟ್ಯಾಂಕ್ ಮುಂದ ಹವಳಕ್ಕ, ಸೀಗಡಿಗೆ ಉಪಯೋಗಿಸಬ್ಯಾಡ್ರಿ, ಸಿಲಿಕಾನ್ ಜೋಡಣಿಯಾಗ ತಾಮ್ರ ಉಳೀಬಹುದು. ಮ್ಯಾಲ ಕ್ವಾರಂಟೈನ್ ಅಂತ ಬರೆದೇ ಇಡ್ರಿ. ತೆಗೆದ ನೀರು ಗಿಡಕ್ಕ ಹಾಕಬ್ಯಾಡ್ರಿ, ಉಪ್ಪು ತಾಮ್ರ ಎರಡಕ್ಕೂ ಗಿಡ ಒಣಗ್ತದ. ಪಾಯಖಾನಿ ಗುಂಡಿಗೆ ಬಿಡ್ರಿ.