ಸ್ಕಾಟ್ಲೆಂಡಿನ ಅರಸೊತ್ತಿಗೆ ಚರ್ಚಿನ ದಶಾಂಶದ ಹಕ್ಕನ್ನು ಶ್ರೀಮಂತರಿಗೆ ಗುತ್ತಿಗೆ ಕೊಟ್ಟದ್ದೇಕೆ?

ಬೆಳೆಯ ಹತ್ತರಲ್ಲೊಂದು ಪಾಲು ಚರ್ಚಿಗೆ ಸಲ್ಲಬೇಕೆಂಬ ಈ ದಶಾಂಶವನ್ನು ಸ್ಕಾಟ್ಲೆಂಡಿನಲ್ಲಿ ಟೀಂಡ್ ಎನ್ನುತ್ತಿದ್ದರು. 1560ರ ಮತಸುಧಾರಣೆಯ ನಂತರ ಮಠಗಳ ಆಸ್ತಿಯಲ್ಲಿ ಬಹುಪಾಲು ಅರಸೊತ್ತಿಗೆಯ ಮೂಲಕ, ದಶಾಂಶದ ಹಕ್ಕಿನ ಸಮೇತ, ಪ್ರಭುಗಳ ಪಾಲಾಯಿತು. ಇದರಿಂದ ನಿಜವಾಗಿ ನಲುಗಿದವರು ಉಳುವವರು: ಹಕ್ಕುದಾರನ ಕಡೆಯವರು ಬಂದು ಹತ್ತನೆಯ ಸಿವುಡನ್ನು ಬೇರ್ಪಡಿಸುವತನಕ, ಮಳೆ ಬಂದರೂ, ಕೊಯ್ದ ಪೈರನ್ನು ಹೊಲದಿಂದ ಸಾಗಿಸುವಂತಿರಲಿಲ್ಲ.

ಒಂದನೆಯ ಚಾರ್ಲ್ಸನ ಕಾಲದ 1633ರ ಶಾಸನಗಳು ದಶಾಂಶವನ್ನು ಗೇಣಿಯ ಐದನೆಯ ಒಂದು ಭಾಗವೆಂದು ನಿಗದಿಪಡಿಸಿ, ಅದರ ಒಂಬತ್ತು ವರ್ಷಗಳ ಮೊತ್ತ ತೆತ್ತು ಹಕ್ಕನ್ನೇ ಕೊಂಡುಕೊಳ್ಳಲು ಭೂಮಾಲೀಕರಿಗೆ ಅವಕಾಶ ನೀಡಿದವು. ಆ ಶತಮಾನದ ಅತ್ಯಂತ ನ್ಯಾಯಯುತ ಸುಧಾರಣೆಗಳಲ್ಲಿ ಇದೂ ಒಂದೆಂದು ನನ್ನ ಭಾವನೆ. ಆದರೆ ಬಿಷಪ್ಪರ ದಶಾಂಶಗಳು ಈ ಮಾರಾಟದಿಂದ ಹೊರಗುಳಿದವು. 1689ರಲ್ಲಿ ಬಿಷಪ್ ಪದವಿಯೇ ರದ್ದಾದಾಗ ಅವು ಅರಸೊತ್ತಿಗೆಗೆ ಸೇರಿದವು. ಕೊಳ್ಳಲಾಗದ ಈ ಹಕ್ಕನ್ನು ಪ್ರಭುಗಳೂ ಭೂಮಾಲೀಕರೂ ಅರಸೊತ್ತಿಗೆಯಿಂದ ಗುತ್ತಿಗೆಗೆ ಪಡೆದರು. ಪಾದ್ರಿಯ ವೇತನವನ್ನೂ ಗುತ್ತಿಗೆಯ ಹಣವನ್ನೂ ಸಲ್ಲಿಸಿದ ಮೇಲೆ ಉಳಿದದ್ದು ಗುತ್ತಿಗೆದಾರನದೇ ಆಗುತ್ತಿತ್ತು.