ಕನ್ನಡ ಮೀಡಿಯಂ ಹುಡುಗಿಗೆ ಕ್ಲಾಟ್ ಆಗುತ್ತಾ?

ಪ್ರಶ್ನೆ: ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಈಗ ಸೆಕೆಂಡ್ ಪಿಯುಸಿ. ಬೆಂಗಳೂರಿನ ನಾಗರಬಾವಿ ಲಾ ಸ್ಕೂಲ್ ಸೇರೋ ಆಸೆ, ಅದರ ಪ್ರವೇಶ ಪರೀಕ್ಷೆ ಕ್ಲಾಟ್‌ಗೆ ಕಾನೂನು ಬುಕ್ ಬಾಯಿಪಾಠ ಮಾಡ್ಬೇಕಾ?

ಉತ್ತರ: ಬೇಡಮ್ಮ, ಖಂಡಿತ ಬೇಡ. ಕಾನೂನಿನ ನಿಯಮ ಪ್ಯಾಸೇಜ್‌ನಲ್ಲೇ ಕೊಟ್ಟಿರ್ತಾರೆ, ಅದನ್ನ ಕೊಟ್ಟಿರೋ ಘಟನೆಗೆ ಹೊಂದಿಸಿ ನೋಡ್ಬೇಕು ಅಷ್ಟೇ, ನಿನಗೆ ನ್ಯಾಯ ಅನ್ಸಿದ್ದನ್ನ ಟಿಕ್ ಮಾಡೋಕೆ ಹೋದ್ರೆ ಅಲ್ಲೇ ಎಡವೋದು. ನಿಜವಾದ ಕಷ್ಟ ಓದೋ ಸ್ಪೀಡು, ಯಾಕಂದ್ರೆ 2 ಗಂಟೆಲಿ 120 ಪ್ರಶ್ನೆ, ಪೇಪರ್ ಪೂರ್ತಿ ಇಂಗ್ಲಿಷ್‌ನಲ್ಲೇ. ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಪೆನ್ಸಿಲ್ ಹಿಡ್ಕೊಂಡು ಓದು, ಪ್ರತಿ ಪ್ಯಾರಾ ಪಕ್ಕ ಏನು ಹೇಳಿದಾರೆ ಅಂತ ಕನ್ನಡದಲ್ಲೇ ಒಂದು ಸಾಲು ಬರಿ, ಮೊದಮೊದಲು ಅರ್ಧ ಗಂಟೆ ಹಿಡಿದ್ರೂ ಬಿಡ್ಬೇಡ. ತಪ್ಪಿಗೆ 0.25 ಕಟ್, ಕಣ್ಮುಚ್ಚಿ ಗುರುತು ಹಾಕ್ಬೇಡ. ಲೆಕ್ಕ ಹತ್ತನೇ ಕ್ಲಾಸ್ ಮಟ್ಟದ್ದೇ, ಅದಕ್ಕೆ ಹೆದರ್ಬೇಡ.