ಕಣಿವೆಯಿಂದ ಲಾವಾದವರೆಗೆ: ಕಾರು ಪ್ರಯಾಣದ ಪ್ರಶ್ನೋತ್ತರ

ಅಮೆರಿಕದ ಯೂಟಾ ಮತ್ತು ಅರಿಝೋನಾ ರಾಜ್ಯಗಳ ಪ್ರವಾಸದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮೇ ತಿಂಗಳಲ್ಲಿ ಮಗಳ ಮನೆಗೆ ಹೋಗುತ್ತಿದ್ದೇವೆ. ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ಜಿಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳು, ಜ್ವಾಲಾಮುಖಿ ಪ್ರದೇಶ ಎಲ್ಲವನ್ನೂ ಎಂಟು ದಿನದಲ್ಲಿ ನೋಡಿಬರಬಹುದೇ? (ಮೈಸೂರು)

ಉತ್ತರ: ನೋಡಬಹುದು. ಒಟ್ಟು ಸುಮಾರು 1,400 ಕಿ.ಮೀ. ಆಗುತ್ತದೆ, ರಸ್ತೆಗಳೂ ಚೆನ್ನಾಗಿವೆ. ಆದರೆ ಯೋಜನೆ ಹಾಕುವಾಗ ದೂರಕ್ಕಿಂತ ಎತ್ತರವನ್ನು ಹೆಚ್ಚು ಗಮನಿಸಿ. ಲಾಸ್ ವೇಗಸ್ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಬ್ರೈಸ್ ಕ್ಯಾನ್ಯನ್‌ನ ಅಂಚು 2,400 ಮೀಟರ್ ದಾಟುತ್ತದೆ. ಕೆಳಗೆ ಮಧ್ಯಾಹ್ನ ಬೆವರು ಸುರಿದರೆ, ಮೇಲೆ ಮೇ ತಿಂಗಳ ಬೆಳಿಗ್ಗೆಯೂ ನೀರು ಹೆಪ್ಪುಗಟ್ಟಬಹುದು. ಹತ್ತಿಯ ಬಟ್ಟೆಯ ಜೊತೆ ಸ್ವೆಟರ್, ಟೋಪಿ, ಗಾಳಿ ತಡೆಯುವ ಜಾಕೆಟ್ ಇರಲೇಬೇಕು.

ಮೊದಲ ದಿನ ಸೇಂಟ್ ಜಾರ್ಜ್ ಪಕ್ಕದ ಸ್ನೋ ಕ್ಯಾನ್ಯನ್‌ನಲ್ಲಿ ಎರಡು ಗಂಟೆ ನಿಲ್ಲಿ. ಹೆಚ್ಚಿನವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ, ಅದು ನಷ್ಟ. ಕೆಂಪು ಮರಳುಗಲ್ಲಿನ ಮೇಲೆ ಕಪ್ಪು ಲಾವಾ ಹರಿದು ಗಟ್ಟಿಯಾಗಿರುವುದನ್ನು ಇಲ್ಲಿ ಒಂದೇ ನೋಟದಲ್ಲಿ ಕಾಣಬಹುದು. ಅಲ್ಲಿಂದ ಜಿಯಾನ್ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್‌ನಲ್ಲಿ ಎರಡು ರಾತ್ರಿ. ಮುಖ್ಯ ಕಣಿವೆಯೊಳಗೆ ಶಟಲ್ ಬಸ್ ಓಡುವ ಕಾಲದಲ್ಲಿ ಸ್ವಂತ ಕಾರಿಗೆ ಪ್ರವೇಶವಿಲ್ಲ, ಮೊದಲ ಬಸ್ಸುಗಳಲ್ಲೇ ಹೋಗಿ. ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆ ಹತ್ತಲು 2022ರಿಂದ ಲಾಟರಿಯಲ್ಲಿ ಪರವಾನಗಿ ಪಡೆಯಬೇಕು. ನದಿಯೊಳಗೇ ನಡೆಯುವ ನ್ಯಾರೋಸ್ ದಾರಿಯನ್ನು ನೆಚ್ಚಿಕೊಂಡು ಹೋಗಬೇಡಿ: ವಸಂತದಲ್ಲಿ ಹಿಮ ಕರಗಿ, ಹರಿವು ಸೆಕೆಂಡಿಗೆ 150 ಘನ ಅಡಿ ಮೀರಿದರೆ ಮುಚ್ಚುತ್ತಾರೆ.

ನಂತರ ಸುರಂಗದ ದಾರಿಯಲ್ಲಿ ಬ್ರೈಸ್‌ಗೆ ಎರಡು ಗಂಟೆ, ಅಲ್ಲಿ ಒಂದು ರಾತ್ರಿ. ಕನಾಬ್ ಮೇಲೆ ಪೇಜ್ ಊರಿಗೆ ಬಂದು ಇನ್ನೊಂದು ರಾತ್ರಿ. ಮುಂದೆ ಕ್ಯಾಮರಾನ್, ಡೆಸರ್ಟ್ ವ್ಯೂ ಮಾರ್ಗವಾಗಿ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ಎರಡು ರಾತ್ರಿ, ಕೊನೆಗೆ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಒಂದು. ಫ್ಲ್ಯಾಗ್‌ಸ್ಟಾಫ್‌ನಿಂದ ಲಾಸ್ ವೇಗಸ್‌ಗೆ 400 ಕಿ.ಮೀ., ನಾಲ್ಕು ಗಂಟೆ ಸಾಕು. ಕನಾಬ್, ಪೇಜ್, ಕ್ಯಾಮರಾನ್‌ಗಳಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ದಾರಿಯಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಪೇಜ್ ಊರಿನಲ್ಲಿ ಆಂಟಿಲೋಪ್ ಕ್ಯಾನ್ಯನ್ ಎಂಬ ಇಕ್ಕಟ್ಟಾದ ಕಣಿವೆಗೆ ಟಿಕೆಟ್ ಕಾಯ್ದಿರಿಸಿದ್ದೇವೆ. ಅಲ್ಲಿ ಗಡಿಯಾರವೇ ಗೊಂದಲ ಎನ್ನುತ್ತಾರೆ, ಯಾಕೆ? (ದಾವಣಗೆರೆ)

ಉತ್ತರ: ಯೂಟಾದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅರಿಝೋನಾದಲ್ಲಿ ಇಡುವುದಿಲ್ಲ. ಆದರೆ ಅರಿಝೋನಾದೊಳಗೇ ಇರುವ ನವಾಹೋ ಮೂಲನಿವಾಸಿಗಳ ಪ್ರದೇಶ ಮುಂದಿಡುತ್ತದೆ. ಪೇಜ್ ಇರುವುದು ಅರಿಝೋನಾದಲ್ಲಿ, ಈ ಎರಡೂ ಗಡಿಗಳ ಪಕ್ಕದಲ್ಲಿ. ಫೋನು ಒಮ್ಮೆ ಈ ಟವರ್, ಒಮ್ಮೆ ಆ ಟವರ್ ಹಿಡಿದು ಸಮಯ ಬದಲಿಸುತ್ತಾ ಹೋಗುತ್ತದೆ. ಫೋನಿನ ಸ್ವಯಂಚಾಲಿತ ಸಮಯವನ್ನು ಆಫ್ ಮಾಡಿ ‘ಫೀನಿಕ್ಸ್’ (ಅರಿಝೋನಾದ ರಾಜಧಾನಿ) ಆರಿಸಿಡಿ. ಆಂಟಿಲೋಪ್ ನವಾಹೋ ನೆಲದಲ್ಲಿದ್ದರೂ ಅಲ್ಲಿನ ಪ್ರವಾಸಗಳು ನಡೆಯುವುದು ಪೇಜ್‌ನ ಸಮಯಕ್ಕೆ. ನವಾಹೋ ಮಾರ್ಗದರ್ಶಕರಿಲ್ಲದೆ ಒಳಗೆ ಬಿಡುವುದಿಲ್ಲ, ಹಾಗಾಗಿ ತಡವಾದರೆ ಒಬ್ಬರೇ ಹೋಗಿ ನೋಡಿಬರಲು ಆಗದು.

ಪ್ರಶ್ನೆ: ನಮಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಮರುಭೂಮಿಯಲ್ಲಿ ಪ್ರವಾಹದ ಭಯ ನಿಜವೇ? (ಡಲ್ಲಾಸ್, ಟೆಕ್ಸಾಸ್)

ಉತ್ತರ: ನಿಜ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿಯೂ ಮಳೆಗಾಲವಿದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ನೆಲವೆಲ್ಲ ಬರೀ ಬಂಡೆ, ಮಣ್ಣು ಕಡಿಮೆ, ನೀರು ಇಂಗುವುದಿಲ್ಲ. ಬಿದ್ದ ಮಳೆಯೆಲ್ಲ ಒಟ್ಟಾಗಿ ಇಕ್ಕಟ್ಟಾದ ಕಣಿವೆಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಲೋವರ್ ಆಂಟಿಲೋಪ್‌ನಲ್ಲಿ 11 ಪ್ರವಾಸಿಗರು ಹೀಗೆ ಸತ್ತರು. ಮಳೆ ಸುರಿದದ್ದು ಮೇಲೆ, ಎಷ್ಟೋ ದೂರದಲ್ಲಿ. ಆದ್ದರಿಂದ ನಿಮ್ಮ ತಲೆಯ ಮೇಲಿನ ಆಕಾಶ ತಿಳಿಯಾಗಿದೆಯೆಂದು ನಂಬಬೇಡಿ. ಜಿಯಾನ್‌ನಲ್ಲಿ ಪ್ರತಿದಿನ ಪ್ರವಾಹದ ಮುನ್ಸೂಚನೆ ಪ್ರಕಟಿಸುತ್ತಾರೆ, ಅದನ್ನು ನೋಡಿಯೇ ಕಣಿವೆಗೆ ಇಳಿಯಿರಿ. ತಿಳಿನೀರು ಕೆಸರಾದರೆ, ಕಡ್ಡಿ ಕಸ ತೇಲಿಬಂದರೆ, ಮೇಲಿನಿಂದ ಭೋರ್ಗರೆತ ಕೇಳಿದರೆ ಆ ಕ್ಷಣವೇ ಎತ್ತರದ ಜಾಗಕ್ಕೆ ಹತ್ತಬೇಕು. ನೀರಿನ ಮುಂದೆ ಓಡಿ ಪಾರಾಗಲು ಸಾಧ್ಯವಿಲ್ಲ. ಇಕ್ಕಟ್ಟಾದ ಕಣಿವೆಗಳನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ, ಮಧ್ಯಾಹ್ನ ಕಾರಿನಲ್ಲಿ ನೋಡುವ ಜಾಗಗಳಿಗೆ ಹೋಗಿ.

ಬೇಸಿಗೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ತಳಕ್ಕೆ ಇಳಿದು ಒಂದೇ ದಿನದಲ್ಲಿ ಹತ್ತಿಬರುವ ಸಾಹಸ ಬೇಡ. ತಳದಲ್ಲಿ ಮೇಲಿಗಿಂತ ಸುಮಾರು 11 ಡಿಗ್ರಿ ಸೆಲ್ಸಿಯಸ್ ಹೆಚ್ಚು ಸೆಕೆ. ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು ಬೇಕು, ಹತ್ತುವ ಹೊತ್ತಿಗೆ ಬಿಸಿಲೂ ಏರಿರುತ್ತದೆ.

ಪ್ರಶ್ನೆ: ಬ್ರೈಸ್‌ನಲ್ಲಿ ಬೆಳಿಗ್ಗೆ ಕಾರು ಚಾಲೂ ಮಾಡಿದರೆ ಟೈರಿನ ಎಚ್ಚರಿಕೆ ದೀಪ ಹತ್ತಿಕೊಂಡಿತು. ಪಂಕ್ಚರ್ ಇರಲಿಲ್ಲ. (ಬೆಂಗಳೂರು)

ಉತ್ತರ: ಚಳಿಗೆ ಗಾಳಿಯ ಒತ್ತಡ ಇಳಿದಿದೆ. ತಾಪಮಾನ ಸುಮಾರು 5.5 ಡಿಗ್ರಿ ಇಳಿದರೆ ಒತ್ತಡ ಒಂದು ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ವೇಗಸ್‌ನ 35 ಡಿಗ್ರಿಯಲ್ಲಿ ತುಂಬಿದ ಟೈರಿಗೆ ಬ್ರೈಸ್‌ನ 2 ಡಿಗ್ರಿಯಲ್ಲಿ ಆರು ಪಿಎಸ್‌ಐ ಕಡಿಮೆಯಾಗುತ್ತದೆ. ಕಾರು ಓಡಿಸುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆದು, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ತುಂಬಿಸಿ. ಒಂದೇ ಟೈರು ಉಳಿದ ಮೂರಕ್ಕಿಂತ ಬಹಳ ಕಡಿಮೆ ತೋರಿಸಿದರೆ ಮಾತ್ರ ಮೊಳೆ ಹುಡುಕಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿಯದೆ ಕೆಳಗಿನ ಗೇರಿಗೆ ಬನ್ನಿ, ಇಲ್ಲದಿದ್ದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ.

ಪ್ರಶ್ನೆ: ಫ್ಲ್ಯಾಗ್‌ಸ್ಟಾಫ್ ಬಳಿಯ ಜ್ವಾಲಾಮುಖಿ ಸನ್‌ಸೆಟ್ ಕ್ರೇಟರ್ ಹತ್ತಬಹುದೇ? ಲಾವಾದ ಒಂದು ಚೂರು ತರಬಹುದೇ? (ಬೆಳಗಾವಿ)

ಉತ್ತರ: ಎರಡೂ ಇಲ್ಲ. ಸುಮಾರು 1085ನೇ ಇಸವಿಯಲ್ಲಿ ಸಿಡಿದ ಈ 300 ಮೀಟರ್ ಎತ್ತರದ ಗುಡ್ಡ ಸಡಿಲ ಲಾವಾ ಚೂರುಗಳ ರಾಶಿ. ಹತ್ತಿದವರ ಕಾಲಿಗೆ ಕುಸಿದು ಆಳವಾದ ಜಾಡು ಬಿದ್ದಿತ್ತು, 1973ರಿಂದ ಹತ್ತುವುದನ್ನು ನಿಲ್ಲಿಸಿದರು. ಬುಡದಲ್ಲಿ ಲಾವಾ ಹರಿದ ಜಾಗದಲ್ಲಿ ಕಾಲುದಾರಿ ಇದೆ. ಕಲ್ಲು ಗಾಜಿನಷ್ಟು ಹರಿತ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ರಾಷ್ಟ್ರೀಯ ಉದ್ಯಾನ, ಸ್ಮಾರಕಗಳಿಂದ ಕಲ್ಲು ತರುವುದು ಅಪರಾಧ. ನಿಮ್ಮ ಬೆಳಗಾವಿಯ ಕಪ್ಪು ಕಲ್ಲು ಕೂಡ ಲಾವಾ ಹರಿದು ಆದದ್ದೇ, ಸುಮಾರು 6.6 ಕೋಟಿ ವರ್ಷ ಹಳೆಯದು. ಗ್ರ್ಯಾಂಡ್ ಕ್ಯಾನ್ಯನ್‌ನಿಂದ ಬರುವಾಗ ಮತ್ತೆ ಕ್ಯಾಮರಾನ್ ಕಡೆಯಿಂದ ಬಂದು, ವುಪಾಟ್ಕಿಯಲ್ಲಿ ತಿರುಗುವ ಸುಮಾರು 55 ಕಿ.ಮೀ. ಲೂಪ್ ರಸ್ತೆ ಹಿಡಿಯಿರಿ. ಮೂಲನಿವಾಸಿಗಳ ಹಳೆಯ ಕಲ್ಲಿನ ಮನೆಗಳನ್ನೂ ನೋಡಿದಂತಾಗುತ್ತದೆ.

ಪ್ರಶ್ನೆ: ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ವಿಷ್ಣು, ಶಿವನ ದೇವಸ್ಥಾನಗಳಿವೆಯೇ? (ಉಡುಪಿ)

ಉತ್ತರ: ದೇವಸ್ಥಾನಗಳಲ್ಲ, ಶಿಖರಗಳ ಹೆಸರು. 1880ರ ದಶಕದಲ್ಲಿ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್ ಇಟ್ಟದ್ದು. ಕಣಿವೆಯ ತಳದ ಶಿಲೆಗೂ ವಿಷ್ಣುವಿನ ಹೆಸರೇ ಬಂದಿದೆ, ವಯಸ್ಸು ಸುಮಾರು 175 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅದಕ್ಕಿಂತ ಹಳೆಯದು, ಸುಮಾರು 300 ಕೋಟಿ ವರ್ಷ.

ಪ್ರಶ್ನೆ: ಲೈಸೆನ್ಸ್ ಮತ್ತು ಪ್ರವೇಶ ಶುಲ್ಕ? (ಹಾಸನ)

ಉತ್ತರ: ಭಾರತದ ಲೈಸೆನ್ಸ್ ಜೊತೆ ಆರ್‌ಟಿಒದಲ್ಲಿ ಫಾರಂ 4ಎ ಕೊಟ್ಟು ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು 250 ಡಾಲರ್. ಪಾಸಿಲ್ಲದೆ ಜಿಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋದರೆ ಮಾಮೂಲು ಶುಲ್ಕದ ಮೇಲೆ ತಲಾ 100 ಡಾಲರ್ ಪ್ರತಿ ಉದ್ಯಾನಕ್ಕೂ ಕೊಡಬೇಕು. ಮೂರೂ ನೋಡುವವರು ಪಾಸು ಕೊಳ್ಳುವುದೇ ಸರಿ. ಸ್ನೋ ಕ್ಯಾನ್ಯನ್ ಯೂಟಾ ರಾಜ್ಯದ್ದು, ಆಂಟಿಲೋಪ್ ನವಾಹೋ ಜನರದ್ದು. ಅಲ್ಲಿ ಈ ಪಾಸು ನಡೆಯುವುದಿಲ್ಲ.